ಎದುರುಮನೆ ತಾತನ ಅಳುವ ಪೆಟ್ಟಿಗೆ

ಎದುರುಮನೆ ತಾತನ ಬಲಗೈ ತೋರುಬೆರಳಿನ ತುದಿ ಬೆಸುಗೆಯ ಕಾವಿಗೆ ಸುಟ್ಟು ಸುಟ್ಟು ಕರಟದ ಚೂರಿನಂತಾಗಿತ್ತು. ಹಾಗಾಗಿ ಹಾಡು ಕೇಳುವ ಕೆಲಸವನ್ನು ಎಡಗೈಗೆ ವಹಿಸಿದ್ದರು. ಹೆಬ್ಬಾಳದ ಕಾರ್ಖಾನೆಯ ಗದ್ದಲದಲ್ಲಿ ಕಿವಿ ಕಳೆದುಕೊಂಡವರು. ಸ್ಪೀಕರಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದರು. ನಾವು ಹೇಳುವುದನ್ನು ಹಳೇ ಕ್ಯಾಲೆಂಡರಿನ ಹಿಂಬದಿ ಬರೆದು ತೋರಿಸಬೇಕಿತ್ತು. ಅವರ ಉತ್ತರ ಮಾತ್ರ ಇಡೀ ಚಾಮರಾಜಪುರಂಗೆ ಕೇಳುತ್ತಿತ್ತು.

ನಮ್ಮದು ಮೂವರ ಎಲೆಕ್ಟ್ರಾನಿಕ್ ಸಂಗೀತದ ತಂಡ. ಇಬ್ಬರಿಗೆ ಸಂಗೀತ ಬರುತ್ತದೆ. ನನಗೆ ಬೇರೆಯವರ ದನಿ ಬರುತ್ತದೆ. ಮೊದಲ ಆಲ್ಬಂ ಓಡಿದ್ದೇ ನನ್ನ ಮಿಮಿಕ್ರಿಯಿಂದ. ಹಾಗಂತ ಮೊದಲು ಹೇಳಿದವನೂ ನಾನೇ. ಎರಡನೆಯದರಲ್ಲಿ ಮಾತೇ ಬೇಡ, ತಾತ ತಂತಿ ಬೆಸೆದು ವಾದ್ಯದಂತೆ ಕಟ್ಟಿಕೊಟ್ಟ ಪೆಟ್ಟಿಗೆಯ ನಾದವೊಂದೇ ಸಾಕು ಅಂದುಕೊಂಡೆವು. ಗುಂಡಿ ತಿರುಗಿಸಿದರೆ ಅದು ಯಾರೋ ಬಿಕ್ಕಿದಂತೆ ಕೇಳುತ್ತಿತ್ತು.

"ಇಷ್ಟ್ ವರ್ಷ ಬೇರೆಯವ್ರು ಮಾಡಿದ್ದನ್ನ ರಿಪೇರಿ ಮಾಡ್ದೆ. ನಾನಾಗಿ ಮಾಡಿದ್ದು ಇದೊಂದೇ ಕಣ್ರೋ. ಕೇಳ್ದೋರ ಕಣ್ಣಲ್ಲಿ ನೀರು ಬಂದ್ಬುಟ್ರೆ ಸಾಕು," ಅನ್ನುತ್ತಿದ್ದರು.

ಗೋಕುಲಂನ ಕೆಫೆಯೊಂದರಲ್ಲಿ ಬಿಡುಗಡೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದ ತಾತ ಸ್ಪೀಕರಿಗೆ ಅಂಗೈ ಕೊಟ್ಟು ಕೂತರು. ಎರಡನೇ ಟ್ರ್ಯಾಕಿಗೇ ಜನ ಫೋನು ತೆಗೆದರು. ಹಿಂದಿನಿಂದ ಒಬ್ಬ, "ಲೋ, ಮಿಮಿಕ್ರಿ ಮಾಡೋ ಗುರು, ನಿದ್ದೆ ಬತ್ತದೆ," ಅಂದ. ಮೌನ ನನಗೆ ಆಗಿಬರುವುದಿಲ್ಲ. ಪೆಟ್ಟಿಗೆ ಬಿಕ್ಕುತ್ತಿರುವಾಗಲೇ ತಾತನಿಗೆ ಬೆನ್ನು ಮಾಡಿ, ಮೈಕಿನಲ್ಲಿ ಅವರದೇ ದನಿ ತೆಗೆದೆ: "ಆಂ? ಏನಂದೆ? ಬರ್ದು ತೋರ್ಸೋ." ಕೆಫೆ ಬಿದ್ದು ಬಿದ್ದು ನಕ್ಕಿತು. ತಾತ ನಗುವ ಮುಖಗಳನ್ನು ನೋಡಿದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು.

ಆಲ್ಬಂ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಆ ಅರ್ಧ ನಿಮಿಷದ ವಿಡಿಯೊ ಮಾತ್ರ ಊರೆಲ್ಲ ಸುತ್ತಿತು. ತಾತನ ಮನೆಯಲ್ಲಿದ್ದದ್ದು ಅಜ್ಜಿಯ ಬಟನ್ ಫೋನೊಂದೇ. ನನ್ನ ಅದೃಷ್ಟ ನೋಡಿ.

ಮರುದಿನ ತಾತ ಕರೆದರು. "ಅಲ್ಲ ಮರಿ, ಅಳೋ ಜಾಗದಲ್ಲೇ ನಕ್ಬುಟ್ರಲ್ಲ? ನನ್ ಕೈಗೇನೋ ಸರಿಯಾಗೇ ಸಿಕ್ತಿತ್ತು. ಪೆಟ್ಟಿಗೇಲೇ ಏನೋ ದೋಷ ಇರ್ಬೇಕು, ಅಲ್ವಾ?" ಎಂದು ಹಾಳೆ, ಪೆನ್ಸಿಲ್ಲು ಮುಂದೆ ಹಿಡಿದರು.

'ನಾನು' ಎಂದು ಬರೆದಿದ್ದರೆ ಸಾಕಿತ್ತು. 'ವೈರಿಂಗ್ ಇರಬಹುದು ತಾತ' ಎಂದು ಬರೆದೆ.

ಅಂದೇ ಪೆಟ್ಟಿಗೆ ಬಿಚ್ಚಿದರು. ಮೂರು ವಾರ ಒಂದೊಂದೇ ತಂತಿ ಕಿತ್ತು ಮತ್ತೆ ಬೆಸೆದರು. ನಾನು ದಿನಾ ಹೋಗಿ ಟಾರ್ಚು ಹಿಡಿದೆ. ಒಂದು ಬೆಳಿಗ್ಗೆ ಅಜ್ಜಿ ಕಾಫಿ ತಂದಾಗ ತಾತ ಪೆಟ್ಟಿಗೆ ಬಿಚ್ಚಿಟ್ಟಿದ್ದ ಮೇಜಿನ ಮೇಲೇ ತಲೆಯಿಟ್ಟು ಹೋಗಿಬಿಟ್ಟಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಅಜ್ಜಿ ಬಿಚ್ಚಿದ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. "ಕೊನೇವರ್ಗೂ ಅವ್ರಿಗೆ ಸಿಗ್ಲೇ ಇಲ್ಲ ಕಣಪ್ಪ. ನೀನು ಓದಿದೋನು, ಏನಾಗಿದೆ ನೋಡು."

ಅಜ್ಜಿಗೆ ಕಿವಿ ಚೆನ್ನಾಗಿ ಕೇಳುತ್ತದೆ; ಬರೆಯುವುದೂ ಬೇಡ, ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. "ನೋಡ್ತೀನಜ್ಜಿ," ಅಂದೆ.