ಕರೆಂಟ್ ಹೋಗದ ಹಡಗು

ಗೆಳತಿಯರೇ, ಇವತ್ತು ಗೋವಾ ಬಂದರಿನಲ್ಲಿ ನನ್ನ ಪಾರ್ಲರಿನ ಚೀಲವನ್ನೇ ಹಿಡಿದಿಟ್ಟುಕೊಂಡರು. ಹಳಿಯಾಳದ ಹುಡುಗಿಯೊಬ್ಬಳ ನಿಶ್ಚಿತಾರ್ಥ ಪ್ರವಾಸಿ ಹಡಗಿನಲ್ಲಿ. ಅವಳ ತಲೆ ಸಿಂಗರಿಸುವ ಕೆಲಸ ನನ್ನದು. ಚೀಲದಲ್ಲಿ ಸ್ಟ್ರೇಟ್ನರ್, ಕರ್ಲರ್, ಡ್ರೈಯರ್, ಜೊತೆಗೊಂದು ಪುಟ್ಟ ಗ್ಯಾಸ್ ಒಲೆ.

ತಪಾಸಣೆಯವನು ಬೆಳಗಾವಿ ಕಡೆಯವನು. “ಅಕ್ಕಾರ, ಈ ಒಲಿ ಯಾಕ್ರೀ?”

“ಕರೆಂಟ್ ಹೋದ್ರ ಕೂದಲಾ ಸುತ್ತೂ ಕಬ್ಬಿಣದ ಸಳಿ ಕಾಸಾಕ ಬೇಕಲ್ರೀ. ನಮ್ಮ ಕಡೆ ಮದುವಿ ದಿನಾನ ಕರೆಂಟ್ ಕೈ ಕೊಡ್ತೈತಿ.”

“ಹಡಗಿನ್ಯಾಗ ಕರೆಂಟ್ ಹೋಗೂದಿಲ್ರೀ. ಬರೇ ಮಷಿನ್ ಇದ್ದಿದ್ರ ಬಿಡ್ತಿದ್ದೆ. ಒಲಿ ಸಿಕ್ಕೈತಿ, ಈಗ ಪೂರ್ತಿ ಚೀಲಾನ ಇಲ್ಲೇ ಇಡಬೇಕು.”

ಹುಡುಗಿ ನನ್ನ ಮಾತು ಕೇಳಿ ತಲೆ ತೊಳೆದು, ಹೆಣೆಯದೆ ಹಾಗೇ ಬಂದಿದ್ದಳು. ಸಮುದ್ರದ ಗಾಳಿಗೆ ಕೂದಲು ಗುಬ್ಬಿಗೂಡಾಯಿತು. ನನ್ನ ಕೈಯಲ್ಲಿ ಬರೀ ಬಾಚಣಿಕೆ. ಅವಳ ತಾಯಿ ಬೈಯಲೂ ಇಲ್ಲ. “ನಿಮ್ಮನ್ನ ನಂಬಿದ್ವಲ್ರೀ” ಎಂದು ಮುಖ ತಿರುಗಿಸಿದರು. ಇನ್ನು ಹಳಿಯಾಳದಲ್ಲಿ ನನ್ನನ್ನು ಯಾರು ಮದುವೆಗೆ ಕರೆಯುತ್ತಾರೆ?

ಈಗ ಹಡಗಿನ ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ದೀಪಗಳೆಲ್ಲ ಝಗಝಗ ಉರಿಯುತ್ತಿವೆ. ಕರೆಂಟ್ ಒಮ್ಮೆಯೂ ಹೋಗಿಲ್ಲ. ಗೋಡೆ ತುಂಬ ಪ್ಲಗ್ಗುಗಳಿವೆ; ಚುಚ್ಚಲು ನನ್ನ ಹತ್ತಿರ ಫೋನಿನ ಚಾರ್ಜರ್ ಒಂದೇ ಇದೆ.