ಸೆಲ್ವಮ್ಮನ ನೀಲಗಿರಿ ಎಣ್ಣೆ

ನೆಗಡಿ ಬಂದರೆ ನಾನು ಮನುಷ್ಯನಾಗಿ ಉಳಿಯುವುದಿಲ್ಲ ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ಮೊನ್ನೆ ಬಿಸಿನೀರಿನ ಪಾತ್ರೆಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ನನ್ನ ತಲೆಗೆ ಟವೆಲ್ ಹೊದಿಸಿ, "ಹತ್ತು ನಿಮಿಷ ಬಾಯಿ ಮುಚ್ಕೊಂಡು ಹಬೆ ತಗೊಳ್ಳಿ" ಎಂದಳು. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಹೇಳಿದವನಿಗೆ ಬಾಯಿ ಮುಚ್ಚುವುದು ಸುಲಭವಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾತು ತಾನಾಗಿ ನಿಂತಿತು. ಸೆಲ್ವಮ್ಮ ನೆನಪಾದಳು.

ಸೆಲ್ವಮ್ಮ ಭದ್ರಾವತಿಯವಳು. ಕಾಗದಕ್ಕೆಂದು ಬೆಳೆಸಿದ ನೀಲಗಿರಿ ತೋಪು ಕಡಿದಾಗ ದಿಮ್ಮಿಗಳು ಲಾರಿ ಹತ್ತುತ್ತಿದ್ದವು, ಸೊಪ್ಪು ಯಾರಿಗೂ ಬೇಡವಾಗಿ ಬಿದ್ದಿರುತ್ತಿತ್ತು. ಅವಳು ಅದನ್ನು ಕೇಳಿ ಪಡೆದು, ಹಳೆಯ ಡ್ರಮ್ಮಿನಲ್ಲಿ ಬೇಯಿಸಿ, ಹಬೆಯನ್ನು ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯೊಳಗೆ ಹಾಯಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಸಿದು ಸೀಸೆಗೆ ತುಂಬುತ್ತಿದ್ದಳು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ವಿದ್ಯಾನಗರದ ನಮ್ಮ ಬೀದಿಯಲ್ಲಿ ಮಾರುತ್ತಿದ್ದಳು. ಮಂಡಿನೋವು, ನೆಗಡಿ, ನೆಲ ಒರೆಸುವ ನೀರು, ಎಲ್ಲಕ್ಕೂ ಅದೇ ಎಣ್ಣೆ. ಕೊಡುವ ಮುಂಚೆ ಪೇಪರಿನ ಅಂಚಿಗೆ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದಳು. "ಕಲೆ ಉಳಿದ್ರೆ ತಗೋಬೇಡಿ ಸಾರ್. ಒಳ್ಳೆ ಎಣ್ಣೆ ಹಾರೋಗುತ್ತೆ." ಕಲೆ ಉಳಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನನಗಾಗ ಹೊಸ ಕೆಲಸ, ಹೊಸ ಕನ್ನಡಕ. ಕಲಿತದ್ದನ್ನು ನಾಲ್ಕು ಜನರಿಗೆ ತೋರಿಸದಿದ್ದರೆ ಅಜೀರ್ಣವಾಗುವ ವಯಸ್ಸು. ಒಂದು ದಿನ ಅವಳ ಸೀಸೆ ಮೂಸಿದೆ. ಕರ್ಪೂರದಂಥ ಘಾಟಿನ ಹಿಂದೆ, ಪೇಂಟಿಗೆ ಬೆರೆಸುವ ಅಗ್ಗದ ಟರ್ಪೆಂಟೈನಿನ ವಾಸನೆ. ಪುಸ್ತಕದಲ್ಲಿದ್ದಂತೆ ನೀರು ಬೆರೆಸಿದ ಸ್ಪಿರಿಟ್ಟಿಗೆ ಹಾಕಿ ಕುಲುಕಿದೆ. ಒಳ್ಳೆಯ ಎಣ್ಣೆ ತಿಳಿಯಾಗಿ ಕರಗಬೇಕು. ಇದು ಮಜ್ಜಿಗೆಯಂತೆ ಕದಡಿತು. ಸುಮ್ಮನಿದ್ದೆನೇ? ಮುಂದಿನ ಸಲ ಅವಳು ಬಂದಾಗ ಟೆಸ್ಟ್‌ಟ್ಯೂಬನ್ನು ಬೀದಿಗೇ ತಂದೆ. ಎದುರುಮನೆಯ ಶಾರದಮ್ಮನವರೂ ಇನ್ನೂ ನಾಲ್ಕು ಮನೆಯ ಹೆಂಗಸರೂ ಸೇರಿದ್ದರು. ಅವರೆದುರು ಎತ್ತಿ ಹಿಡಿದು, "ಟರ್ಪೆಂಟೈನ್ ಸೇರಿಸಿದ್ದೀಯ" ಎಂದೆ.

"ಅದು ಮರದಲ್ಲೇ ಇರೋದು ಸಾರ್. ನಾನೇನೂ ಸೇರ್ಸಿಲ್ಲ. ಬನ್ನಿ ಬೇಕಾದ್ರೆ, ನಿಮ್ಮೆದುರೇ ಬೇಯಿಸ್ತೀನಿ."

"ವಿಜ್ಞಾನ ಸುಳ್ಳು ಹೇಳಲ್ಲಮ್ಮ" ಎಂದೆ. ಈಗಲೂ ಆ ಮಾತು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ. ಅವಳು ಸೀಸೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಹೋದಳು. ನಮ್ಮ ಬೀದಿಗೆ ಮತ್ತೆ ಬರಲಿಲ್ಲ.

ಮರುವರ್ಷ ಪಾಠಕ್ಕೆಂದು ಓದಿಕೊಳ್ಳುವಾಗ ಗೊತ್ತಾಯಿತು. ಊಟಿ ಕಡೆಯ ನೀಲಗಿರಿ ಮರದ ಜಾತಿಯೇ ಬೇರೆ, ನಮ್ಮ ತೋಪಿನದ್ದೇ ಬೇರೆ. ಊಟಿಯದರ ಎಣ್ಣೆಯಲ್ಲಿ ಘಾಟು ಕೊಡುವ ಸಿನಿಯೋಲ್ ಎಂಬ ಅಂಶ ಹೆಚ್ಚು. ನಮ್ಮದರಲ್ಲಿ ಅದು ಕಡಿಮೆ, ಪೈನೀನ್ ಎಂಬ ಇನ್ನೊಂದು ಅಂಶ ಜಾಸ್ತಿ. ಟರ್ಪೆಂಟೈನಿನಲ್ಲಿ ಮುಖ್ಯವಾಗಿ ಇರುವುದೂ ಅದೇ ಪೈನೀನ್. ನೀರು ಬೆರೆತ ಸ್ಪಿರಿಟ್ಟಿನಲ್ಲಿ ಅದು ಸುಲಭಕ್ಕೆ ಕರಗದು. ಸೆಲ್ವಮ್ಮ ಹೇಳಿದಂತೆ ಎಲ್ಲ ಮರದಲ್ಲೇ ಇತ್ತು.

ಭದ್ರಾವತಿ ಎಷ್ಟು ದೂರವೆಂದು ನಿಮಗೆ ಗೊತ್ತು. ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದು. ನಾನು ಹೋಗಲಿಲ್ಲ. ಆ ವರ್ಷ ಪರೀಕ್ಷೆಯ ಕೆಲಸ, ಮುಂದಿನ ವರ್ಷ ಮಗಳ ನಾಮಕರಣ, ನೆಪಗಳಿಗೇನು ಬರವೇ? ನಿಜ ಹೇಳಿಬಿಡುತ್ತೇನೆ. ಬೀದಿಯವರ ಬಾಯಲ್ಲಿ "ಮೇಷ್ಟ್ರದ್ದೇ ತಪ್ಪಂತೆ" ಎನ್ನಿಸಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ನಾಚಿಕೆಪಡಬೇಕಾದ್ದು ಬೇರೆಯದಕ್ಕೆ ಎಂದು ಆಗಲೂ ತಿಳಿದಿತ್ತು.

ಮೊನ್ನೆ ಟವೆಲ್ ತೆಗೆದವನೇ ಮುಖ ಒರೆಸಿಕೊಂಡು ಎದುರುಮನೆಗೆ ಹೋದೆ. ಶಾರದಮ್ಮನವರಿಗೀಗ ಎಂಬತ್ತು. ಗೇಟಿನ ಪಕ್ಕ ಹೂ ಬಿಡಿಸುತ್ತಿದ್ದರು.

"ಸೆಲ್ವಮ್ಮ ನೆನಪಿದಾಳಾ ಶಾರದಮ್ಮ? ಭದ್ರಾವತಿಯಿಂದ ನೀಲಗಿರಿ ಎಣ್ಣೆ ತರ್ತಿದ್ಲಲ್ಲ?"

ಅವರು ಸ್ವಲ್ಪ ಯೋಚಿಸಿ, "ಯಾರು ಮೇಷ್ಟ್ರೇ, ಆ ಟರ್ಪೆಂಟೈನ್ ಸೇರಿಸ್ತಿದ್ಲಲ್ಲ, ಅವಳಾ?" ಎಂದರು.

ಈಚೆಗೆ ಅವರು ನನ್ನ ಹೆಸರನ್ನೇ ಎರಡು ಸಲ ಮರೆತಿದ್ದಾರೆ. ಇದೊಂದನ್ನು ಮರೆತಿರಲಿಲ್ಲ.

"ಅವಳು ಸೇರಿಸಿರಲಿಲ್ಲಮ್ಮ" ಎಂದೆ. "ಸೇರಿಸಿದ್ದು ನಾನು."

ಅವರಿಗೆ ಅರ್ಥವಾಗಲಿಲ್ಲ. ಗೇಟಿನ ಹೊರಗೇ ನಿಂತು ಮೊದಲಿನಿಂದ ಹೇಳತೊಡಗಿದೆ. ಇನ್ನೂ ನಾಲ್ಕು ಮನೆಗಳಿವೆ. ಆಮೇಲೆ ಭದ್ರಾವತಿಯ ಬಸ್ಸು.