ಡೋಕಿಯಾಳ ಜನವರಿ

ಸಂಜೆ ಬೆಳಕು ಇಳಿಯುವ ಹೊತ್ತಿಗೆ ಡೋಕಿಯಾ ಹ್ರಿಷ್ಕೊ ಒಲೆಯ ಮೇಲಿನದನ್ನು ಹಾಗೇ ಬಿಟ್ಟು, ತೀರಿಕೊಂಡ ಗಂಡನ ಕೋಟು ಹಾಕಿಕೊಂಡು ಅಂಗಳಕ್ಕೆ ಇಳಿಯುತ್ತಾಳೆ. ಮನೆಯ ಗೋಡೆಯಿಂದ ಬಂದ ಕರೆಂಟಿನ ವೈರನ್ನು ಹುಡುಗನ ಕಾರಿನ ಮೂತಿಗೆ ಸಿಕ್ಕಿಸಿ, ಗಟ್ಟಿಯಾಗಿದೆಯೇ ಎಂದು ಎಳೆದು ನೋಡುತ್ತಾಳೆ. ಆ ಕರೆಂಟಿನಿಂದ ಇಂಜಿನ್ನು ರಾತ್ರಿಯಿಡೀ ಬೆಚ್ಚಗಿರದಿದ್ದರೆ ನಮ್ಮ ಸಸ್ಕಾಚೆವಾನ್ ಪ್ರಾಂತ್ಯದ ಚಳಿಗೆ ಕಾರು ಬೆಳಿಗ್ಗೆ ಕಲ್ಲಿನಂತೆ ಕೂತಿರುತ್ತದೆ, ಹುಡುಗನಿಗೆ ಅಭ್ಯಾಸ ತಪ್ಪುತ್ತದೆ. ಜ್ವರ ಬಂದಾಗಲೂ ಅವಳು ಈ ಕೆಲಸ ಬಿಟ್ಟವಳಲ್ಲ. ಗಂಡ ಪೆಟ್ರೊನನ್ನು ಮಣ್ಣು ಮಾಡಿ ಬಂದ ದಿನವೂ ಅವಳು ಒಳಗೆ ಹೋಗುವ ಮುಂಚೆ ಆ ವೈರಿನ ಹತ್ತಿರ ಹೋದದ್ದನ್ನು ಬೇಲಿಯ ಈಚೆಯಿಂದ ನಾನು ನೋಡಿದ್ದೇನೆ.

ಹುಡುಗ ಎಂದರೆ ಅವಳು ಹೆತ್ತ ಹುಡುಗನಲ್ಲ. ನಮ್ಮೂರು ಡನ್‌ಬ್ರೇಯ ಕಿರಿಯರ ಐಸ್ ಹಾಕಿ ತಂಡ ಮ್ಯಾಗ್‌ಪೈಸ್‌ನಲ್ಲಿ ಆಡಲು ದೂರದಿಂದ ಬಂದವನು. ಅಂಥವರು ಆಟದ ಕಾಲ ಮುಗಿಯುವ ತನಕ ಊರವರ ಮನೆಗಳಲ್ಲೇ ಉಣ್ಣುತ್ತಾರೆ, ಮಲಗುತ್ತಾರೆ.

ತಂಡ ಹುಟ್ಟಿದ ವರ್ಷ ಎಲ್ಲವೂ ಇತ್ತು. ಐಸ್ ಅಂಗಳವಿತ್ತು, ಗೋಧಿ ಗೋದಾಮಿನ ಏಜೆಂಟು ಕೊಡಿಸಿದ ಕಪ್ಪು ಬಿಳುಪಿನ ಜರ್ಸಿಗಳಿದ್ದವು, ಹುಡುಗರೂ ಬಂದಿಳಿದಿದ್ದರು. ಅವರನ್ನು ಮಲಗಿಸಲು ಜಾಗ ಮಾತ್ರ ಇರಲಿಲ್ಲ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು, "ಯಾರ ಮನೇಲಿ ಹಾಸಿಗೆ ಖಾಲಿ ಇದೆ?" ಎಂದು ಕೇಳಿದರು. ಗಂಡಸರೆಲ್ಲ ಛಾವಣಿಯ ಮೇಲಿನ ಸಂತರ ಚಿತ್ರಗಳನ್ನು ಬಹಳ ಭಕ್ತಿಯಿಂದ ನೋಡತೊಡಗಿದರು. ಮದುವೆಯಾಗಿ ವರ್ಷ ತುಂಬದ ಡೋಕಿಯಾ ಕೈಯೆತ್ತಿದಳು.

"ನಮ್ಮನೇಲಿ ಎಲ್ಲಿದೆಯೇ ಖಾಲಿ ಹಾಸಿಗೆ?" ಎಂದು ಪೆಟ್ರೊ ಪಿಸುಗುಟ್ಟಿದ.

"ನೀನು ಮಂಚ ಮಾಡ್ತೀಯಲ್ಲ."

ಅವನು ಮಾಡಿದ ಮಂಚ ಗಿಡ್ಡವಾಯಿತು, ಬಂದ ಹುಡುಗ ಉದ್ದವಿದ್ದ. ಕೊನೆಗೆ ಕಾಲ ಕಡೆಗೆ ಒಂದು ಬೆಂಚು ಸೇರಿಸಿ ಮೊಳೆ ಹೊಡೆದ. ಅಲ್ಲಿಂದೀಚೆಗೆ ತಂಡದ ಚರಿತ್ರೆಯೆಲ್ಲ ಆ ಮಂಚದ ಮೇಲೆ ಮಲಗಿ ಎದ್ದಿದೆ. ಐಸ್ ಅಂಗಳಕ್ಕೆ ಬೆಂಕಿ ಬಿದ್ದ ಚಳಿಗಾಲ ತಂಡ ಹೆಪ್ಪುಗಟ್ಟಿದ ಕೆರೆಯ ಮೇಲೆ ಆಡಿತು. ಆಗ ಮಂಚದಲ್ಲಿದ್ದವನು ಮರಗಟ್ಟಿದ ಕಾಲ್ಬೆರಳುಗಳನ್ನು ಹಿಡಿದುಕೊಂಡು ಅಳುತ್ತಿದ್ದ. ಪ್ರಾಂತ್ಯದ ಫೈನಲ್ಲಿನಲ್ಲಿ ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟವನು ಆ ಮಂಚದಿಂದ ಏಳಲೇ ಒಪ್ಪಲಿಲ್ಲ. ದೊಡ್ಡ ಪೇಟೆಯವರು ತಂಡವನ್ನು ಕೊಂಡೊಯ್ಯಲು ಬಂದಾಗ ನಾವು ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಚಳಿಗಾಲವಿಡೀ ಆಲೂಗಡ್ಡೆಯ ಕಡುಬು ಮಾಡಿ ಮಾರಿ ಉಳಿಸಿಕೊಂಡೆವು. ಎಲ್ಲರೂ ಕೂತು ಕಡುಬಿನ ಅಂಚು ಒತ್ತುತ್ತಿದ್ದರೆ ಡೋಕಿಯಾ ಒಬ್ಬಳೇ ನಿಂತು ಒತ್ತುತ್ತಿದ್ದಳು. ಅವಳಿಗೆ ಕೂರಲು ಬರುವುದಿಲ್ಲ.

ಜನವರಿ ಬಂತೆಂದರೆ ನಿಲ್ಲಲೂ ಬರುವುದಿಲ್ಲ. ತಂಡಗಳು ತಮ್ಮ ತಮ್ಮಲ್ಲಿ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಹತ್ತನೇ ತಾರೀಖು ಕಡೆಯ ದಿನ. ಮಧ್ಯಾಹ್ನ ಫೋನು ಬಂದರೆ ಸಂಜೆಗೆ ಹುಡುಗ ಇರುವುದಿಲ್ಲ. ನಮ್ಮ ಚರ್ಚಿನ ಹಳೆಯ ಪಂಚಾಂಗದಂತೆ ಕ್ರಿಸ್ಮಸ್ ಬರುವುದೂ ಡಿಸೆಂಬರಿನಲ್ಲಲ್ಲ, ಜನವರಿಯ ಅದೇ ವಾರ. ಹಬ್ಬದ ಅಡುಗೆ ಮಾಡುತ್ತಲೇ ಅವಳ ಕಿವಿ ಫೋನಿನ ಮೇಲಿರುತ್ತದೆ.

ಈ ವರ್ಷದ ಹುಡುಗ ಎಮರಿ ಡೆಜಾರ್ಲೆ. ಗೋಲಿ, ಎಂದರೆ ಗೋಲು ಕಾಯುವವನು. ಅವನಿಗಿಂತ ದೊಡ್ಡವನೂ ಗಟ್ಟಿಗನೂ ಆದ ಇನ್ನೊಬ್ಬ ಗೋಲಿ ತಂಡದಲ್ಲಿದ್ದುದರಿಂದ ಎಮರಿಗೆ ಆಡುವ ಸರದಿ ಬಾರದೆ ಬೆಂಚೇ ಗತಿ. ಡೋಕಿಯಾಳ ಮನೆಗೆ ಇವನೇ ಕಡೆಯ ಹುಡುಗನೂ ಹೌದು. ವಸಂತದಲ್ಲಿ ಅವಳ ಎರಡೂ ಮಂಡಿಗೆ ಆಪರೇಷನ್ನು. ಇನ್ನು ಯಾರನ್ನೂ ಇಟ್ಟುಕೊಳ್ಳುವುದು ಆಗದೆಂದು ಅವಳೇ ತಂಡದವರಿಗೆ ತಿಳಿಸಿದ್ದಳು. ಆಟದ ಕಾಲ ಮುಗಿಯುವ ಮಾರ್ಚಿನವರೆಗೆ ಇವನೊಬ್ಬ ಇದ್ದರೆ ಸಾಕು ಎಂದು ದೇವರ ಪಟದ ಮುಂದೆ ಕೇಳಿಕೊಳ್ಳುವುದು ನನಗೂ ಕೇಳಿಸುತ್ತಿತ್ತು. ಅವಳು ಮೆಲ್ಲಗೆ ಪ್ರಾರ್ಥಿಸುವವಳಲ್ಲ.

ಹಬ್ಬದ ಹಿಂದಿನ ಸಂಜೆ ನಾನೂ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ನಮ್ಮ ಪದ್ಧತಿಯಂತೆ ಒಂದು ತಟ್ಟೆ ಹೆಚ್ಚಿಗೆ ಇಟ್ಟಿತ್ತು.

"ಅಜ್ಜಿ, ಇದು ಯಾರದು?" ಎಂದ ಎಮರಿ.

"ಬರಬೇಕಾಗಿದ್ದು ಬರಲಾಗದೆ ಹೋದವರದು."

"ಅವರ ಕಡುಬು ಏನ್ಮಾಡ್ತೀರಾ?"

"ನಿನ್ನ ಕಣ್ಣು ಅಲ್ಲಿಗೇ ಹೋಗುತ್ತೆ ಅಂತ ಗೊತ್ತಿತ್ತು. ಬೆಂಚಲ್ಲಿ ಕೂರೋನಿಗೆ ಇಷ್ಟೊಂದು ಹಸಿವು ಹೆಂಗೋ?"

"ಕೂರೋದೇ ಕಷ್ಟದ ಕೆಲಸ ಅಜ್ಜಿ. ನೀವೂ ಒಂದಿನ ಕೂತು ನೋಡಿ."

ಡೋಕಿಯಾ ನಗುತ್ತ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಮೇಜಿನ ಕೆಳಗೆ ಅವನ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಗ್ಲಾಸುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಊಟವಾದದ್ದೇ ನೆಲಮಾಳಿಗೆಗೆ ಇಳಿದು ಗೋಡೆಗೆ ಚೆಂಡೆಸೆದು ಹಿಡಿಯತೊಡಗಿದ. ಹಬ್ಬದ ಹಾಡುಗಳ ನಡುವೆಯೂ ಆ ಧಬ್ ಧಬ್ ನಿಲ್ಲಲಿಲ್ಲ.

ಹತ್ತನೇ ತಾರೀಖು ಮಧ್ಯಾಹ್ನ ನಾನು ಹೋದಾಗ ಅಡುಗೆಮನೆಯ ಪಾತ್ರೆಗಳೆಲ್ಲ ನೆಲದ ಮೇಲಿದ್ದವು. ಡೋಕಿಯಾ ಉಜ್ಜಿದ್ದನ್ನೇ ಉಜ್ಜುತ್ತಿದ್ದಳು. ಕೆಳಗಿನಿಂದ ಚೆಂಡಿನ ಸದ್ದು ಬರುತ್ತಿತ್ತು. ಆಗ ತಂಡದ ಮ್ಯಾನೇಜರು ಗೋರ್ಡ್ ಲಿಟ್ವಿನ್ ಹಿತ್ತಲ ಬಾಗಿಲಿನಿಂದ ಬಂದ.

"ಏನಮ್ಮ, ಪಾತ್ರೆ ಅಂಗಡಿ ಇಟ್ರಾ?"

ಅಮ್ಮ ಎನ್ನಲು ಅವನಿಗೆ ಹಕ್ಕಿತ್ತು. ಬಹಳ ಹಿಂದೆ ಅವನೂ ಅದೇ ಮಂಚದಲ್ಲಿ ಮಲಗಿದವನು. ಅಂಥದ್ದೇ ಒಂದು ಜನವರಿಯಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಡಲು ಹೊರಟಾಗ ಡೋಕಿಯಾ ಅಂದಿನ ಮ್ಯಾನೇಜರನ ಮನೆಗೆ ಬೀಟ್‌ರೂಟ್ ಸಾರಿನ ಪಾತ್ರೆ ಹೊತ್ತುಕೊಂಡು ಹೋಗಿ ಬೇಡಿಕೊಂಡಿದ್ದಳು. ಗೋರ್ಡ್ ಉಳಿದ. ಆದರೆ ಆಡಿದ್ದು ಕಡಿಮೆ. ದೊಡ್ಡ ತಂಡಗಳವರು ಅವನನ್ನು ನೋಡಲೇ ಇಲ್ಲ. ಗೋದಾಮಿನಲ್ಲಿ ಕೆಲಸ ಹಿಡಿದ, ಇಲ್ಲೇ ಮದುವೆಯಾದ, ಯಾರನ್ನೂ ದೂರಲಿಲ್ಲ. ಆಟ ನಡೆಯುವಾಗ ಮಾತ್ರ ಐಸ್ ಅಂಗಳದ ಸುತ್ತಲಿನ ಗಾಜಿಗೆ ಅಂಗೈ ಊರಿ, ಬಾರದ ಬಸ್ಸಿಗೆ ಕಾಯುವವನ ಹಾಗೆ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿರುತ್ತಾನೆ.

"ಬೂಟು ಬಿಚ್ಚು," ಎಂದಳು ಡೋಕಿಯಾ. "ಎಷ್ಟೊತ್ತಿನ ತನಕ ಟೈಮಿದೆ?"

"ಮೂರು ಗಂಟೆ ತನಕ. ಮ್ಯಾನಿಟೋಬಾದ ತಂಡದವರು ಎಮರಿಯನ್ನ ಕೇಳ್ತಿದ್ದಾರೆ. ಅವರ ಗೋಲಿ ಕಾಲು ಮುರ್ಕೊಂಡಿದ್ದಾನೆ. ಇನ್ಮೇಲೆ ಎಲ್ಲ ಆಟದಲ್ಲೂ ಇವನನ್ನೇ ಆಡಿಸ್ತಾರಂತೆ."

"ಅವನಿಗೆ ಹೇಳಿದ್ಯಾ?"

"ಇಲ್ಲ. ಮೊದಲು ನಿಮ್ಮ ಹತ್ರ ಬಂದೆ." ಅವನು ಟೋಪಿಯನ್ನು ತಿರುವಿದ. "ಕೊಡೋದು ಬಿಡೋದು ನನ್ನ ಕೈಲಿದೆ ಅಮ್ಮ. ಇವನು ಕಡೆಯವನು ಅಂತ ನಂಗೂ ಗೊತ್ತು. ಇಷ್ಟು ವರ್ಷ ತಂಡಕ್ಕೆ ಮಾಡಿದೀರಿ. ನೀವು ಒಂದು ಮಾತು ಹೇಳಿ, ಇಲ್ಲ ಅಂತ ಅವರಿಗೆ ಹೇಳಿಬಿಡ್ತೀನಿ."

ಡೋಕಿಯಾಳ ಕೈಯಲ್ಲಿ ಒಂದು ಮುಚ್ಚಳವಿತ್ತು. ಅದಕ್ಕೆ ಸರಿಯಾದ ಪಾತ್ರೆಯನ್ನು ಹುಡುಕುವವಳಂತೆ ನೆಲವನ್ನೆಲ್ಲ ನೋಡಿದಳು. ಕೆಳಗೆ ಧಬ್ ಧಬ್. ನಾನು ಜಪಮಣಿ ಎಣಿಸತೊಡಗಿದೆ.

"ಗೋರ್ಡ್, ಆ ವರ್ಷ ನೀನು ಹೋಗಿದ್ರೆ ಏನಾಗ್ತಿತ್ತು?"

"ನಿಮ್ಮ ಸಾರು ತಪ್ಪಿಹೋಗ್ತಿತ್ತು."

"ನಗಬೇಡ. ಯಾವತ್ತಾದ್ರೂ ಯೋಚನೆ ಮಾಡ್ತೀಯಾ?"

ಅವನು ತನ್ನ ಕಾಲುಚೀಲದ ತುದಿಯನ್ನು ನೋಡಿಕೊಂಡ. "ಜನವರೀಲಿ ಮಾಡ್ತೀನಿ," ಎಂದ.

ಅವಳು ಮುಚ್ಚಳವನ್ನು ಮೇಜಿನ ಮೇಲಿಟ್ಟು, ಪಟದ ಕಡೆ ತಿರುಗಿ ಶಿಲುಬೆಯ ಗುರುತು ಹಾಕಿಕೊಂಡಳು.

"ಹಂಗಾದ್ರೆ ಬೇಡ. ನನಗೋಸ್ಕರ ಯಾರನ್ನೂ ಇಲ್ಲಿ ನಿಲ್ಲಿಸ್ಬೇಡ. ಕೊಡ್ತೀನಿ ಅಂತ ಫೋನ್ ಮಾಡು."

"ಇನ್ನೂ ಹೊತ್ತಿದೆ ಅಮ್ಮ. ಸ್ವಲ್ಪ ಕೂತು ಯೋಚನೆ ಮಾಡಿ."

"ಕೂತ್ರೆ, ಅವನನ್ನ ನಿಲ್ಲಿಸು ಅಂದುಬಿಡ್ತೀನಿ," ಎಂದು ಅವಳು ಗೂಟದಿಂದ ಪೆಟ್ರೊನ ಕೋಟು ತೆಗೆದುಕೊಂಡಳು. "ಈಗಲೇ ಮಾಡು. ನಾನು ಹೋಗಿ ಅವನ ಕಾರಿಗೆ ವೈರ್ ಹಾಕಿ ಬರ್ತೀನಿ. ದೂರದ ದಾರಿ."